ರೋಮಿಯೋ ಜೂಲಿಯೆಟ್ ಸಾವಿಗೆ ಯಾರು ಹೊಣೆ?

ಪ್ರಶ್ನೆ: ಶೇಕ್ಸ್‌ಪಿಯರ್‌ನ ರೋಮಿಯೋ ಜೂಲಿಯೆಟ್ ನಾಟಕವನ್ನು ನಾವು ಕೆಲವರು ಸೇರಿ ಓದಿ ಮುಗಿಸಿದೆವು. ಕೊನೆಗೆ ಒಬ್ಬೊಬ್ಬರದು ಒಂದೊಂದು ಮಾತು. ವಿಧಿ ಅಂತ ಒಬ್ಬರು, ಪಾದ್ರಿ ಲಾರೆನ್ಸ್ ಅಂತ ಇನ್ನೊಬ್ಬರು, ಎರಡು ಮನೆತನಗಳ ದ್ವೇಷ ಅಂತ ಮತ್ತೊಬ್ಬರು. ನನಗಂತೂ ಆ ಹುಡುಗ ಹುಡುಗಿಯ ಆತುರವೇ ಕಾರಣ ಅನ್ನಿಸಿತು. ನಾಲ್ಕೈದು ದಿನದಲ್ಲಿ ಪ್ರೀತಿ, ಮದುವೆ, ಸಾವು ಎಲ್ಲ ಮುಗಿದುಹೋಗುತ್ತದೆ! ಒಬ್ಬರನ್ನೇ ಹೊಣೆ ಮಾಡಿ ಅಂದರೆ ನೀವು ಯಾರ ಹೆಸರು ಹೇಳುತ್ತೀರಿ?

ಉತ್ತರ: ಜೂಲಿಯೆಟ್ ಅಪ್ಪನ ಹೆಸರು. ಕ್ಯಾಪ್ಯುಲೆಟ್.

ರೋಮಿಯೋನ ಮನೆತನವಾದ ಮಾಂಟೆಗ್ಯೂಗಳ ಮೇಲೆ ಅವನಿಗಿದ್ದ ದ್ವೇಷಕ್ಕಾಗಿ ಈ ಮಾತು ಹೇಳುತ್ತಿಲ್ಲ. ಆ ದ್ವೇಷ ಅವನಲ್ಲಿ ಅಷ್ಟೇನೂ ಉಳಿದಿರಲಿಲ್ಲ ಅನ್ನುವುದಕ್ಕೆ ನಾಟಕದಲ್ಲೇ ಸಾಕ್ಷಿ ಇದೆ, ಆ ಮಾತಿಗೆ ಆಮೇಲೆ ಬರುತ್ತೇನೆ. ಸೋಮವಾರ ರಾತ್ರಿಯಿಂದ ಮಂಗಳವಾರ ರಾತ್ರಿಯವರೆಗೆ ತನ್ನ ಮನೆಯೊಳಗೆ ಅವನು ಏನು ಮಾಡಿದ ಅನ್ನುವುದನ್ನು ನೋಡಿ ಹೇಳುತ್ತಿದ್ದೇನೆ. ಈ ನಾಟಕದ ಚರ್ಚೆಗಳಲ್ಲಿ ಆ ಒಂದು ದಿನದ ಮಾತು ಬರುವುದೇ ಕಡಿಮೆ. ಬಾಲ್ಕನಿ ನೆನಪಿರುತ್ತದೆ, ಕತ್ತಿ ಕಾಳಗ ನೆನಪಿರುತ್ತದೆ, ಗೋರಿ ನೆನಪಿರುತ್ತದೆ. ಮಂಗಳವಾರ ಯಾರಿಗೂ ನೆನಪಿರುವುದಿಲ್ಲ.

ಮೊದಲು, ಹೊಣೆಯನ್ನು ನಾನು ಹೇಗೆ ಅಳೆಯುತ್ತೇನೆ ಅಂತ ಹೇಳಿಬಿಡುತ್ತೇನೆ. ತಪ್ಪು ಮಾಡದವರು ಈ ನಾಟಕದಲ್ಲಿ ಯಾರೂ ಇಲ್ಲ, ಹಾಗಾಗಿ ತಪ್ಪುಗಳ ಪಟ್ಟಿ ಮಾಡುತ್ತಾ ಹೋದರೆ ಎಲ್ಲರ ಹೆಸರೂ ಅದರಲ್ಲಿ ಬಂದು ಪಟ್ಟಿಗೇ ಅರ್ಥವಿಲ್ಲದಂತಾಗುತ್ತದೆ. ಅದರ ಬದಲು ಒಂದೇ ಪ್ರಶ್ನೆ ಕೇಳಿ. ಇದನ್ನು ನಿಲ್ಲಿಸುವ ಶಕ್ತಿ ಯಾರಿಗಿತ್ತು, ಮತ್ತು ನಿಲ್ಲಿಸಿದ್ದರೆ ಅವರಿಗೆ ಏನು ನಷ್ಟವಾಗುತ್ತಿತ್ತು? ಶಕ್ತಿ ಜಾಸ್ತಿ ಇದ್ದು, ನಷ್ಟ ಕಡಿಮೆ ಇದ್ದೂ ಸುಮ್ಮನಿದ್ದವರ ಪಾಲು ದೊಡ್ಡದು. ಶಕ್ತಿಯೇ ಇಲ್ಲದವರ ಪಾಲು ಚಿಕ್ಕದು. ಹೀಗೆ ನೋಡಿದಾಗ ಇಡೀ ನಾಟಕ ಬೇರೆ ಥರ ಕಾಣುತ್ತದೆ.

ವಿಧಿಯ ಮಾತನ್ನು ಬೇಗ ಮುಗಿಸೋಣ. ಮೊದಲಲ್ಲೇ ಬರುವ 14 ಸಾಲಿನ ಮುನ್ನುಡಿಯಲ್ಲಿ ನಕ್ಷತ್ರಗಳು ಈ ಜೋಡಿಗೆ ಎದುರಾಗಿವೆ ಅನ್ನುವ ಮಾತಿದೆ, ನಿಜ. ಆದರೆ ಅದೇ 14 ಸಾಲಿನಲ್ಲಿ ಇನ್ನೊಂದು ಮಾತೂ ಇದೆ: ಮಕ್ಕಳ ಸಾವಿನಿಂದಲ್ಲದೆ ಬೇರೆ ಯಾವುದರಿಂದಲೂ ತಣಿಯದ ಹೆತ್ತವರ ಕೋಪ. ವಿಧಿ ಅನ್ನುವವರು ಮೊದಲನೆಯದನ್ನು ಓದಿ ಎರಡನೆಯದನ್ನು ಬಿಡುತ್ತಾರೆ. ಇನ್ನು ಪ್ಲೇಗ್ ವಿಷಯ. ಜೂಲಿಯೆಟ್ ಸತ್ತಂತೆ ತೋರುವ ಉಪಾಯವನ್ನು ಗಡಿಪಾರಾದ ರೋಮಿಯೋಗೆ ತಿಳಿಸುವ ಲಾರೆನ್ಸ್ ಪತ್ರ ಹಿಡಿದು, ಅವನಿದ್ದ ಮಾಂಟುವಾ ಊರಿಗೆ ಹೊರಟ ಪಾದ್ರಿ ಜಾನ್ ಜೊತೆಗೊಬ್ಬ ಪಾದ್ರಿ ಇರಲಿ ಅಂತ, ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಒಬ್ಬನನ್ನು ಹುಡುಕಿಕೊಂಡು ಹೋಗುತ್ತಾನೆ. ಊರಿನ ತಪಾಸಣೆಯವರು ಅವರಿದ್ದ ಮನೆಯಲ್ಲಿ ಸೋಂಕಿದೆ ಅಂತ ಅನುಮಾನಪಟ್ಟು ಇಬ್ಬರನ್ನೂ ಒಳಗೇ ಇಟ್ಟು ಬಾಗಿಲಿಗೆ ಮುದ್ರೆ ಹಾಕುತ್ತಾರೆ. ಇದು ನಾಟಕಕಾರ ಎಲ್ಲಿಂದಲೋ ತಂದು ತುರುಕಿದ್ದಲ್ಲ. ಪ್ಲೇಗ್‌ನಿಂದಾಗಿ 1592ರಿಂದ 1594ರ ನಡುವೆ ಲಂಡನ್ನಿನ ನಾಟಕಶಾಲೆಗಳೇ ಬಹುಪಾಲು ಮುಚ್ಚಿದ್ದವು. ಸ್ವಲ್ಪವೇ ಕಾಲದ ನಂತರ ಈ ನಾಟಕ ನೋಡಲು ಬಂದವರಿಗೆ ಮುದ್ರೆ ಬಿದ್ದ ಬಾಗಿಲು ಏನು ಅಂತ ಚೆನ್ನಾಗಿಯೇ ಗೊತ್ತಿತ್ತು. ಪ್ಲೇಗ್ ಯಾರ ತಪ್ಪೂ ಅಲ್ಲ, ಒಪ್ಪಿದೆ. ಆದರೆ ಎರಡು ಜೀವ ಒಂದೇ ಒಂದು ಪತ್ರಕ್ಕೆ ನೇತುಬಿದ್ದಿದ್ದು ಯಾಕೆ? ಅದು ವಿಧಿ ಮಾಡಿದ್ದಲ್ಲ. ಎಲ್ಲರೆದುರು ಹೇಳಬೇಕಾದ ಮಾತನ್ನು ಗುಟ್ಟಾಗಿ ಪತ್ರದಲ್ಲಿ ಕಳಿಸಬೇಕಾದ ಪರಿಸ್ಥಿತಿಯನ್ನು ಮನುಷ್ಯರೇ ತಂದಿಟ್ಟಿದ್ದರು.

ಈಗ ನಿಮ್ಮ ವಾದಕ್ಕೆ, ಅಂದರೆ ಆತುರಕ್ಕೆ ಬರೋಣ. ನೀವು ಒಬ್ಬರೇ ಅಲ್ಲ ಹೀಗೆ ಹೇಳುವುದು. ಶೇಕ್ಸ್‌ಪಿಯರ್‌ಗೆ ಕಥೆ ಸಿಕ್ಕಿದ್ದು ಆರ್ಥರ್ ಬ್ರೂಕ್ 1562ರಲ್ಲಿ ಬರೆದ ಒಂದು ಉದ್ದನೆಯ ಪದ್ಯದಿಂದ. ಬ್ರೂಕ್ ತನ್ನ ಮುನ್ನುಡಿಯಲ್ಲೇ ತೀರ್ಪು ಕೊಟ್ಟುಬಿಡುತ್ತಾನೆ: ಕೆಟ್ಟ ಆಸೆಗೆ ಬಿದ್ದು, ಹಿರಿಯರ ಮಾತು ಮೀರಿದ ಪ್ರೇಮಿಗಳಿಗೆ ಆಗಬೇಕಾದ್ದೇ ಆಯಿತು ಅಂತ. ತಮಾಷೆ ಅಂದರೆ ಬ್ರೂಕ್ ಕಥೆಯಲ್ಲಿ ಆತುರವೇ ಅಷ್ಟಿಲ್ಲ, ಅಲ್ಲಿ ಎಲ್ಲ ತಿಂಗಳುಗಟ್ಟಲೆ ನಡೆಯುತ್ತದೆ. ಅದನ್ನು ಭಾನುವಾರದಿಂದ ಗುರುವಾರಕ್ಕೆ ಇಳಿಸಿದವನು ಶೇಕ್ಸ್‌ಪಿಯರ್. ಬ್ರೂಕ್‌ನಲ್ಲಿ 16 ವರ್ಷದವಳಾಗಿದ್ದ ಹುಡುಗಿಯನ್ನು 13ಕ್ಕೆ ಇಳಿಸಿದವನೂ ಅವನೇ. ಆ ಕಾಲದಲ್ಲಿ ಅದೆಲ್ಲ ಮಾಮೂಲು ಬಿಡಿ ಅನ್ನುವವರಿದ್ದಾರೆ. ಮಾಮೂಲು ಆಗಿರಲಿಲ್ಲ. ಶೇಕ್ಸ್‌ಪಿಯರ್ ಕಾಲದ ಇಂಗ್ಲೆಂಡಿನಲ್ಲಿ ಸಾಮಾನ್ಯ ಹೆಣ್ಣುಮಕ್ಕಳ ಮದುವೆ ಇಪ್ಪತ್ತು ದಾಟಿದ ಮೇಲೆಯೇ ಆಗುತ್ತಿತ್ತು. ನೋಡುವವರಿಗೆ ಇವಳು ಇನ್ನೂ ಮಗು ಅಂತಲೇ ಅನ್ನಿಸಬೇಕಿತ್ತು, ಅದಕ್ಕೇ ದಾದಿ ಮತ್ತು ಜೂಲಿಯೆಟ್ ಅಮ್ಮನ ಬಾಯಲ್ಲಿ ಲೆಕ್ಕ ಹಾಕಿಸುತ್ತಾನೆ: ಹದಿನಾಲ್ಕು ತುಂಬಲು ಇನ್ನೂ ಎರಡು ವಾರ ಚಿಲ್ಲರೆ ಬಾಕಿ.

ಹಾಗಾದರೆ ಆತುರ ಯಾರದು? ಬಾಲ್ಕನಿಯಲ್ಲಿ ಜೂಲಿಯೆಟ್ಟೇ ಹೇಳುತ್ತಾಳೆ, ಇದು ತೀರಾ ದಿಢೀರ್ ಆಯಿತು, ಮಿಂಚು ಅನ್ನುವಷ್ಟರಲ್ಲಿ ಮಾಯವಾಗುವ ಮಿಂಚಿನ ಹಾಗಿದೆ ಅಂತ. ಹೇಳಿದ ಕೆಲವೇ ನಿಮಿಷಕ್ಕೆ ಮದುವೆಯ ಮಾತು ತೆಗೆಯುವವಳೂ ಅವಳೇ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಮೂರನೇ ಅಂಕಕ್ಕೆ ಬಂದಾಗ ಎಲ್ಲ ಬದಲಾಗಿದೆ. ಅಲ್ಲಿ ಸಮಯ ಕೊಡಿ ಅಂತ ಕೇಳುತ್ತಿರುವವಳು ಹುಡುಗಿ, ಕೊಡುವುದಿಲ್ಲ ಅನ್ನುತ್ತಿರುವವರು ದೊಡ್ಡವರು.

ಆ ದಿನವನ್ನು ಹತ್ತಿರದಿಂದ ನೋಡಿ. ಸೋಮವಾರ ಮಧ್ಯಾಹ್ನ ರೋಮಿಯೋ ಜೂಲಿಯೆಟ್ ಪಾದ್ರಿ ಲಾರೆನ್ಸ್ ಬಳಿ ಗುಟ್ಟಾಗಿ ಮದುವೆಯಾಗಿದ್ದಾರೆ. ಅದಾದ ಸ್ವಲ್ಪ ಹೊತ್ತಿಗೇ ಜೂಲಿಯೆಟ್ ಸಂಬಂಧಿ ಟಿಬಾಲ್ಟ್ ಕೈಯಲ್ಲಿ ರೋಮಿಯೋ ಗೆಳೆಯ ಮರ್ಕ್ಯೂಷಿಯೋ ಸತ್ತ, ರೋಮಿಯೋ ಕೈಯಲ್ಲಿ ಟಿಬಾಲ್ಟ್ ಸತ್ತ, ರೋಮಿಯೋಗೆ ಗಡಿಪಾರಾಯಿತು. ಅಂದು ರಾತ್ರಿ ಅವನು ಕದ್ದು ಅವಳ ಕೋಣೆಗೆ ಬಂದಿದ್ದಾನೆ. ಬೆಳಗಾಗುವ ಮುಂಚೆ ಊರು ಬಿಡಬೇಕು. ಮೇಲಿನ ಕೋಣೆಯಲ್ಲಿ ಅವರಿಬ್ಬರು ಹೀಗಿರುವಾಗ, ಅದೇ ಮನೆಯಲ್ಲಿ ಕ್ಯಾಪ್ಯುಲೆಟ್, ಜೂಲಿಯೆಟ್‌ಳನ್ನು ಮದುವೆಯಾಗಲು ಬಯಸಿದ ಪ್ಯಾರಿಸ್ ಜೊತೆ ಮಾತಾಡುತ್ತಿದ್ದಾನೆ. ಮಗಳನ್ನು ಕೇಳಲು ಸಮಯ ಸಿಗಲಿಲ್ಲ ಅನ್ನುತ್ತಾನೆ. ಅದರ ಬೆನ್ನಿಗೇ, ನಾನು ಹೇಳಿದ್ದನ್ನು ಅವಳು ಕೇಳೇ ಕೇಳುತ್ತಾಳೆ, ಅದರಲ್ಲಿ ಅನುಮಾನವೇ ಇಲ್ಲ ಅನ್ನುತ್ತಾನೆ. ಇವತ್ತು ಯಾವ ವಾರ? ಸೋಮವಾರ. ಬುಧವಾರ ತೀರಾ ಹತ್ತಿರವಾಯಿತು, ಗುರುವಾರ ಇಟ್ಟುಕೊಳ್ಳೋಣ. ಮಗಳ ಬದುಕು ಇಷ್ಟರಲ್ಲಿ ತೀರ್ಮಾನವಾಯಿತು.

ಇದೇ ಮನುಷ್ಯ ಭಾನುವಾರ ಏನು ಹೇಳಿದ್ದ ಗೊತ್ತಾ? ಇದೇ ಪ್ಯಾರಿಸ್‌ಗೆ, ಇನ್ನೆರಡು ಬೇಸಿಗೆ ಕಳೆಯಲಿ ಅಂದಿದ್ದ. ಅಷ್ಟು ಬೇಗ ಮದುವೆಯಾದವರು ಅಷ್ಟೇ ಬೇಗ ಹಾಳಾಗುತ್ತಾರೆ ಅಂದಿದ್ದ. ಮೊದಲು ಅವಳ ಮನಸ್ಸು ಗೆಲ್ಲು, ಅವಳು ಒಪ್ಪಿದರೆ ಮಾತ್ರ ನನ್ನ ಒಪ್ಪಿಗೆ ಅಂದಿದ್ದ. ಉಳಿದ ಮಕ್ಕಳೆಲ್ಲ ಮಣ್ಣಿಗೆ ಹೋಗಿ ಇವಳೊಬ್ಬಳೇ ಉಳಿದಿದ್ದಾಳೆ ಅಂತಲೂ ಹೇಳಿಕೊಂಡಿದ್ದ. ಒಳ್ಳೆಯ ಅಪ್ಪ ಹೇಗಿರಬೇಕು ಅನ್ನುವುದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದೆ ತಪ್ಪು ಮಾಡಿದವನಲ್ಲ ಅನ್ನುವ ಕಾರಣಕ್ಕೇ ನಾನು ಅವನ ಮೇಲೆ ಇಷ್ಟು ಕಟುವಾಗಿದ್ದೇನೆ.

ಮಂಗಳವಾರ ಬೆಳಿಗ್ಗೆ. ರೋಮಿಯೋ ಈಗಷ್ಟೇ ಕಿಟಕಿಯಿಂದ ಇಳಿದು ಹೋಗಿದ್ದಾನೆ. ಅಮ್ಮ ಬಂದು ಗುರುವಾರ ನಿನ್ನ ಮದುವೆ ಅನ್ನುತ್ತಾಳೆ, ಜೂಲಿಯೆಟ್ ಒಲ್ಲೆ ಅನ್ನುತ್ತಾಳೆ, ಅಪ್ಪ ಒಳಗೆ ಬರುತ್ತಾನೆ. ಆಮೇಲೆ ನಡೆಯುವುದನ್ನು ದಯವಿಟ್ಟು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಅವಳು ಮಂಡಿಯೂರಿ ಕೇಳುತ್ತಾಳೆ: ಅಪ್ಪಾ, ಸಮಾಧಾನದಿಂದ ನನ್ನ ಒಂದೇ ಒಂದು ಮಾತು ಕೇಳು. ಅವನು ಹೇಳುತ್ತಾನೆ: ಮಾತಾಡಬೇಡ, ಎದುರು ಹೇಳಬೇಡ, ಉತ್ತರ ಕೊಡಬೇಡ. ಕೈ ತುರಿಸುತ್ತಿದೆ ಅನ್ನುತ್ತಾನೆ. ಒಂದೇ ಮಗು ಕೊಟ್ಟನಲ್ಲ ದೇವರು ಅಂತ ಕೊರಗುತ್ತಿದ್ದೆವು, ಈಗ ನೋಡಿದರೆ ಈ ಒಂದೇ ಜಾಸ್ತಿಯಾಯಿತು ಅನ್ನುತ್ತಾನೆ. ಗುರುವಾರ ಚರ್ಚಿಗೆ ಬಾರದಿದ್ದರೆ ಮತ್ತೆ ನನ್ನ ಮುಖ ನೋಡಬೇಡ, ನೇಣು ಹಾಕಿಕೋ, ಭಿಕ್ಷೆ ಬೇಡು, ಹಸಿದುಕೋ, ಬೀದಿಯಲ್ಲಿ ಸಾಯಿ ಅನ್ನುತ್ತಾನೆ.

ಆ ಒಂದು ಮಾತು ಏನಾಗಿತ್ತು? ನಮಗೆ ಯಾವತ್ತೂ ಗೊತ್ತಾಗುವುದಿಲ್ಲ. ನನಗೆ ಮದುವೆಯಾಗಿದೆ ಅಂತ ಹೇಳಿಬಿಡುತ್ತಿದ್ದಳೋ ಏನೋ. ಹೇಳಲು ಅವನು ಬಿಡಲಿಲ್ಲ, ಅಷ್ಟಂತೂ ಖಚಿತ. ಅವನು ಎದ್ದು ಹೋದ ಮೇಲೆ ಅವಳು ಅಮ್ಮನ ಕಡೆ ತಿರುಗಿ, ಈ ಮದುವೆಯನ್ನು ಒಂದು ತಿಂಗಳು, ಇಲ್ಲವೇ ಒಂದು ವಾರ ಮುಂದೆ ಹಾಕಿ ಅನ್ನುತ್ತಾಳೆ. ಬರೀ ಒಂದು ವಾರ! ಆ ವಾರ ಸಿಕ್ಕಿದ್ದರೆ ಸತ್ತಂತೆ ಮಲಗಿಸುವ ಆ ಮದ್ದು ಬೇಕಿರಲಿಲ್ಲ, ಗೋರಿ ಬೇಕಿರಲಿಲ್ಲ, ಜಾನ್ ಹಿಡಿದುಕೊಂಡು ಹೋದ ಆ ಪತ್ರದ ಮೇಲೆ ಯಾರ ಜೀವವೂ ನಿಂತಿರುತ್ತಿರಲಿಲ್ಲ. ಅಮ್ಮನ ಉತ್ತರ: ನನ್ನ ಹತ್ತಿರ ಮಾತಾಡಬೇಡ, ಏನು ಬೇಕಾದರೂ ಮಾಡಿಕೋ, ನನಗೂ ನಿನಗೂ ಮುಗಿಯಿತು. ನೀವು ಆತುರ ಅಂದಿರಲ್ಲ, ಆತುರದ ಲೆಕ್ಕ ಇಲ್ಲಿಂದ ಶುರು ಮಾಡಿ.

ದಾದಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಅವಳನ್ನು ಎಲ್ಲರೂ ಸುಲಭವಾಗಿ ಬೈಯುತ್ತಾರೆ. ಆ ಕೋಣೆಯಲ್ಲಿ ಯಜಮಾನನಿಗೆ ನೇರವಾಗಿ, ಹೀಗೆ ಬೈಯುವುದು ನಿಮ್ಮದೇ ತಪ್ಪು ಅಂದವಳು ಅವಳೊಬ್ಬಳೇ. ಅನ್ನ ಹಾಕುವ ಯಜಮಾನನಿಗೆ ಅಷ್ಟು ಹೇಳಲು ಧೈರ್ಯ ಬೇಕು. ಗೊಣಗುವ ಮೂರ್ಖಳೇ ಬಾಯ್ಮುಚ್ಚು ಅನ್ನಿಸಿಕೊಂಡಳು. ಆಮೇಲೆ ಸೋತಳು. ರೋಮಿಯೋನನ್ನು ಮರೆತುಬಿಡು, ಪ್ಯಾರಿಸ್ ಮುಂದೆ ಅವನು ಮಸಿಬಟ್ಟೆ, ಇವನನ್ನೇ ಮಾಡಿಕೋ ಅಂತ ಜೂಲಿಯೆಟ್‌ಗೆ ಬುದ್ಧಿ ಹೇಳಿದಳು. ಮದುವೆಯ ಗುಟ್ಟು ಗೊತ್ತಿದ್ದವಳು ಹೀಗಂದಿದ್ದು ದೊಡ್ಡ ದ್ರೋಹವೇ. ಆದರೆ ಬಾಯಿಬಿಟ್ಟಿದ್ದರೆ ಕೆಲಸ ಹೋಗಿ ಬೀದಿಗೆ ಬೀಳುತ್ತಿದ್ದವಳೂ ಅವಳೇ. ನನ್ನ ಅಳತೆಯಲ್ಲಿ ಅವಳ ಪಾಲು ಚಿಕ್ಕದು.

ಒಂದು ಗಂಟೆಯೂ ಕಳೆದಿರಲಿಕ್ಕಿಲ್ಲ, ಅಷ್ಟರಲ್ಲಿ ಗಂಡ ದೂರವಾದ, ಅಪ್ಪ ಕೈಬಿಟ್ಟ, ಅಮ್ಮ ಕೈಬಿಟ್ಟಳು, ಹಾಲು ಕುಡಿಸಿ ಬೆಳೆಸಿದವಳು ಕೈಬಿಟ್ಟಳು. ಹದಿಮೂರು ವರ್ಷದ ಹುಡುಗಿ ಚಾಕು ಜೊತೆಯಲ್ಲಿಟ್ಟುಕೊಂಡು ಪಾದ್ರಿ ಲಾರೆನ್ಸ್ ಬಳಿ ಹೋಗಿದ್ದು ಹೀಗೆ.

ಅವಳು ಅಲ್ಲಿಂದ ಹಿಂತಿರುಗಿದ ಮೇಲೆ ಕ್ಯಾಪ್ಯುಲೆಟ್ ಇನ್ನೊಂದು ಕೆಲಸ ಮಾಡುತ್ತಾನೆ. ಎಷ್ಟೋ ಜನ ಇದನ್ನು ಗಮನಿಸುವುದೇ ಇಲ್ಲ. ಲಾರೆನ್ಸ್ ಅವಳಿಗೆ ಹೇಳಿದ್ದು, ನಾಳೆ ಬುಧವಾರ, ನಾಳೆ ರಾತ್ರಿ ಒಬ್ಬಳೇ ಮಲಗಿ ಈ ಮದ್ದು ಕುಡಿ ಅಂತ. ಕುಡಿದರೆ 42 ಗಂಟೆ ಸತ್ತಂತೆ ಬಿದ್ದಿರುತ್ತಾಳೆ, ಅಷ್ಟರಲ್ಲಿ ರೋಮಿಯೋಗೆ ಪತ್ರ ಮುಟ್ಟಿ ಅವನು ಬಂದಿರುತ್ತಾನೆ. ಜೂಲಿಯೆಟ್ ಮನೆಗೆ ಬಂದು, ತಪ್ಪಾಯಿತು ಅಪ್ಪಾ, ನೀವು ಹೇಳಿದಂತೆ ಕೇಳುತ್ತೇನೆ ಅಂತ ಸುಳ್ಳು ಒಪ್ಪಿಗೆ ಕೊಡುತ್ತಾಳೆ. ಅವನಿಗೆ ಎಷ್ಟು ಖುಷಿಯಾಗುತ್ತದೆ ಅಂದರೆ, ಮದುವೆ ನಾಳೆ ಬೆಳಿಗ್ಗೆಯೇ ಆಗಲಿ ಅನ್ನುತ್ತಾನೆ! ಹೆಂಡತಿ, ಬೇಡ, ಗುರುವಾರಕ್ಕೇ ಇರಲಿ, ಏನೂ ತಯಾರಿ ಆಗಿಲ್ಲ ಅನ್ನುತ್ತಾಳೆ. ಕೇಳುವುದಿಲ್ಲ. ರಾತ್ರಿಯಿಡೀ ಎದ್ದಿದ್ದು ನಾನೇ ಮನೆಯ ಕೆಲಸ ನೋಡಿಕೊಳ್ಳುತ್ತೇನೆ ಅನ್ನುತ್ತಾನೆ. ಹೀಗಾಗಿ ಬುಧವಾರ ರಾತ್ರಿ ಕುಡಿಯಬೇಕಿದ್ದ ಮದ್ದನ್ನು ಅವಳು ಮಂಗಳವಾರ ರಾತ್ರಿಯೇ ಕುಡಿಯಬೇಕಾಯಿತು.

ಒಂದಿಡೀ ದಿನ ಕೈತಪ್ಪಿತು. ಮದುವೆ ಗುರುವಾರವೇ ಇದ್ದಿದ್ದರೆ ಸಾವಿನ ಸುದ್ದಿ ಮಾಂಟುವಾಕ್ಕೆ ಒಂದು ದಿನ ತಡವಾಗಿ ಹೊರಡುತ್ತಿತ್ತು. ಪತ್ರ ತಲುಪಿಲ್ಲ ಅನ್ನುವುದು ಲಾರೆನ್ಸ್‌ಗೆ ತಿಳಿದು ಬೇರೆ ದಾರಿ ಹುಡುಕಲು ಅವಕಾಶ ಇರುತ್ತಿತ್ತು. ನಾಟಕದಲ್ಲಿ ಆದದ್ದು ಏನು? ಜಾನ್ ವಾಪಸು ಬಂದು ಪತ್ರವನ್ನು ಹಾಗೇ ಕೈಗಿಟ್ಟಾಗ, ಜೂಲಿಯೆಟ್ ಏಳಲು ಉಳಿದದ್ದು ಮೂರೇ ಗಂಟೆ. ಕೊನೆಗೆ ಎಲ್ಲ ತಪ್ಪಿದ್ದು ಅರ್ಧ ಗಂಟೆಯಲ್ಲಿ. ಲಾರೆನ್ಸ್ ಕತ್ತಲಲ್ಲಿ ಗೋರಿಗಳಿಗೆ ಎಡವುತ್ತಾ ಬಂದು, ರೋಮಿಯೋ ಒಳಗೆ ಹೋಗಿ ಎಷ್ಟು ಹೊತ್ತಾಯಿತು ಅಂತ ಕೇಳುತ್ತಾನೆ. ಆಳು ಬಾಲ್ತಜಾರ್ ಹೇಳುತ್ತಾನೆ, ಅರ್ಧ ಗಂಟೆ ಪೂರ್ತಿ. ಅರ್ಧ ಗಂಟೆಯ ಮೇಲೆ ಎಲ್ಲ ನಿಂತಿದ್ದ ಕಡೆ ಕ್ಯಾಪ್ಯುಲೆಟ್ ಸಂಭ್ರಮದಲ್ಲಿ 24 ಗಂಟೆ ಕಿತ್ತುಕೊಂಡಿದ್ದ.

ಅವನು ರಾಕ್ಷಸನಲ್ಲ, ಅದನ್ನೂ ಹೇಳಬೇಕು. ಬುಧವಾರ ಬೆಳಿಗ್ಗೆ ಅವಳು ಸತ್ತಳು ಅಂದುಕೊಂಡು ಅವನು ಅಳುವುದು ನಿಜವಾದ ಅಳು. ಅವನಿಗೆ ಮಗಳ ಮೇಲೆ ಪ್ರೀತಿ ಇತ್ತು. ಹೇಳಿದಂತೆ ಕೇಳುವ ಮಗಳ ಮೇಲೆ ಇತ್ತು. ಇಲ್ಲ ಅನ್ನುವ ಮಗಳು ಎದುರಿಗೆ ನಿಂತಾಗ ಆ ಪ್ರೀತಿ ಒಂದು ನಿಮಿಷವೂ ಉಳಿಯಲಿಲ್ಲ. ಮತ್ತೆ ನನ್ನ ಅಳತೆ ನೆನಪಿಸಿಕೊಳ್ಳಿ: ಮದುವೆಯನ್ನು ಒಂದು ವಾರ ಮುಂದೂಡಿದ್ದರೆ ಅವನಿಗೆ ಏನು ಹೋಗುತ್ತಿತ್ತು? ಏನೂ ಇಲ್ಲ. ಮನೆಯಲ್ಲಿ ಒಂದು ಸಾವಾಗಿತ್ತು, ಮುಂದೂಡಲು ಅದೇ ಸಾಕಾದ ಕಾರಣವಾಗಿತ್ತು.

ಇನ್ನು ದ್ವೇಷ. ಭಾನುವಾರ ರಾತ್ರಿಯ ಔತಣದಲ್ಲಿ ಮುಖವಾಡ ಹಾಕಿಕೊಂಡು ಬಂದ ರೋಮಿಯೋನನ್ನು ಟಿಬಾಲ್ಟ್ ಗುರುತಿಸಿ ಕತ್ತಿ ತರಿಸಲು ಹೊರಟಾಗ ತಡೆದವನು ಕ್ಯಾಪ್ಯುಲೆಟ್ಟೇ. ಹುಡುಗ ಒಳ್ಳೆಯವನು, ನಮ್ಮ ವೆರೋನಾ ಊರಿನಲ್ಲಿ ಎಲ್ಲರೂ ಹೊಗಳುತ್ತಾರೆ, ಅವನ ಪಾಡಿಗೆ ಅವನನ್ನು ಬಿಡು ಅನ್ನುತ್ತಾನೆ. ಅದೇ ದಿನ ಅದಕ್ಕೂ ಮುಂಚೆ, ನಮ್ಮಂಥ ಮುದುಕರಿಗೆ ಶಾಂತಿಯಿಂದಿರುವುದು ಕಷ್ಟವೇನಲ್ಲ ಅಂತಲೂ ಹೇಳಿದ್ದ. ಅಂದರೆ ಆ ಜಗಳ ಬಿಡಲು ಅವನಿಗೆ ಸಾಧ್ಯವಿತ್ತು, ತನಗೆ ಬೇಕಾದಾಗ ಬಿಟ್ಟೂ ಇದ್ದ. ಪೂರ್ತಿ ನಿಲ್ಲಿಸುವ ತೊಂದರೆ ಮಾತ್ರ ತೆಗೆದುಕೊಳ್ಳಲಿಲ್ಲ. ದೊಡ್ಡವರು ಹೀಗೆ ಅರ್ಧಂಬರ್ಧ ಬಿಟ್ಟ ಜಗಳವನ್ನು ಆಳುಗಳು, ಟಿಬಾಲ್ಟ್‌ನಂಥ ಹುಡುಗರು ಬೀದಿಯಲ್ಲಿ ಮುಂದುವರಿಸಿದರು. ಊರನ್ನು ಆಳುವ ದೊರೆಯ ಪಾಲೂ ಇಲ್ಲೇ ಬರುತ್ತದೆ. ಮೂರು ಸಲ ಬೀದಿಯಲ್ಲಿ ಹೊಡೆದಾಟವಾದರೂ ಅವನು ಬರೀ ಎಚ್ಚರಿಕೆ ಕೊಟ್ಟು ಕಳಿಸಿದ. ಒಂದು ಗೌರವದ ಮಾತು ಅವನ ಬಗ್ಗೆ: ಕೊನೆಯ ದೃಶ್ಯದಲ್ಲಿ, ನಿಮ್ಮ ಜಗಳಕ್ಕೆ ಕಣ್ಣು ಮುಚ್ಚಿಕೊಂಡಿದ್ದಕ್ಕೆ ನಾನೂ ನನ್ನ ಕಡೆಯ ಇಬ್ಬರನ್ನು ಕಳೆದುಕೊಂಡೆ ಅಂತ ಬಾಯಿಬಿಟ್ಟು ಒಪ್ಪಿಕೊಳ್ಳುತ್ತಾನೆ. ಮರ್ಕ್ಯೂಷಿಯೋ, ಪ್ಯಾರಿಸ್ ಇಬ್ಬರೂ ಅವನ ಸಂಬಂಧಿಗಳು.

ಪಾದ್ರಿ ಲಾರೆನ್ಸ್‌ಗೆ ನಾನು ಎರಡನೇ ಜಾಗ ಕೊಡುತ್ತೇನೆ. ಗುಟ್ಟಿನ ಮದುವೆ ಮಾಡಿಸಿದ್ದಕ್ಕೆ ಅವನನ್ನು ಬೈಯಬೇಕಾಗಿಲ್ಲ. ಎರಡು ಮನೆ ಒಂದಾಗಬಹುದು ಅನ್ನುವ ಆಸೆ ಅವನದು, ಇಡೀ ಊರಿನಲ್ಲಿ ಆ ಕನಸು ಕಂಡವನು ಅವನೊಬ್ಬನೇ. ನನ್ನ ತಕರಾರು ಮಂಗಳವಾರದ್ದು. ಜೂಲಿಯೆಟ್ ಬರುವ ಮುಂಚೆ ಅವನ ಎದುರು ಪ್ಯಾರಿಸ್ ಕೂತಿದ್ದಾನೆ, ಗುರುವಾರದ ಮದುವೆ ಗೊತ್ತುಮಾಡಲು ಬಂದಿದ್ದಾನೆ. ಇದನ್ನು ಯಾಕೆ ತಡಮಾಡಬೇಕು ಅನ್ನುವುದು ನನಗೆ ಗೊತ್ತಿರದಿದ್ದರೆ ಚೆನ್ನಾಗಿತ್ತು ಅಂತ ಲಾರೆನ್ಸ್ ತನ್ನಷ್ಟಕ್ಕೆ ಅಂದುಕೊಳ್ಳುತ್ತಾನೆ. ಅವಳಿಗೆ ಈಗಾಗಲೇ ಮದುವೆಯಾಗಿದೆ ಅಂತ ಹೇಳಿದ್ದರೆ ಗುರುವಾರದ ಮದುವೆ ಅಲ್ಲೇ ನಿಲ್ಲುತ್ತಿತ್ತು. ಮದುವೆಯಾದವಳಿಗೆ ಮತ್ತೊಂದು ಮದುವೆ ಮಾಡಿಸುವುದು ಪಾಪ ಅನ್ನುವುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೇಳಿದ್ದರೆ ಕ್ಯಾಪ್ಯುಲೆಟ್ ಸಿಟ್ಟು ಅವನ ತಲೆಯ ಮೇಲೆ ಬೀಳುತ್ತಿತ್ತು. ಆದರೆ ಅವನು ಊರೆಲ್ಲ ಪೂಜ್ಯ ಅನ್ನುವ ಮುದುಕ, ಅವನ ಬೆನ್ನಿಗೆ ಚರ್ಚ್ ಇತ್ತು. ಆ ಸಿಟ್ಟನ್ನು ತಡೆದುಕೊಳ್ಳಬಲ್ಲವನು ಆ ಊರಿನಲ್ಲಿ ಇದ್ದರೆ ಅವನೇ.

ಜೂಲಿಯೆಟ್ ನೆಟ್ಟಗೆ ಮಾಂಟುವಾಕ್ಕೆ ಹೋಗಬಹುದಿತ್ತಲ್ವಾ ಅಂತ ಓದುವವರಿಗೆ ಅನ್ನಿಸುವುದು ಸಹಜ. ಮಾಂಟುವಾ ವೆರೋನಾದಿಂದ ಸುಮಾರು 40 ಕಿಲೋಮೀಟರ್. ಅವಳು ಆಗಲೇ ಮನೆಯಿಂದ ಹೊರಗೆ ಬಂದಾಗಿತ್ತು. ಆದರೂ ಲಾರೆನ್ಸ್ ಅವಳನ್ನು ವಾಪಸು ಅದೇ ಮನೆಗೆ, ಕೈಗೆ ಮದ್ದು ಕೊಟ್ಟು ಕಳಿಸಿದ. ಅವಳು ಚಾಕು ತೋರಿಸಿದ್ದಳು, ಅವನು ಗಾಬರಿಯಾಗಿದ್ದ, ಅದು ಅರ್ಥವಾಗುತ್ತದೆ. ಆದರೂ ಆ ಉಪಾಯ ಕಾಪಾಡುವುದು ಮೊದಲು ಗುಟ್ಟನ್ನು, ಆಮೇಲೆ ಅವಳನ್ನು.

ಸಂದೇಶದ ವಿಷಯದಲ್ಲೂ ಅವನ ಎಡವಟ್ಟು ದೊಡ್ಡದು. ಸೋಮವಾರ ರಾತ್ರಿ ರೋಮಿಯೋಗೆ ಅವನು ಹೇಳಿದ್ದು, ಇಲ್ಲಿಯ ಸುದ್ದಿಯನ್ನೆಲ್ಲ ನಿನ್ನ ಆಳಿನ ಕೈಯಲ್ಲೇ ಕಳಿಸುತ್ತಿರುತ್ತೇನೆ ಅಂತ. ಆ ಆಳು ಬಾಲ್ತಜಾರ್. ಆದರೆ ಮರುದಿನ ಪತ್ರ ಕೊಟ್ಟಿದ್ದು ಜಾನ್ ಕೈಗೆ, ಬಾಲ್ತಜಾರ್‌ಗೆ ಒಂದು ಮಾತೂ ತಿಳಿಸಲಿಲ್ಲ. ಅವನೋ ಜೂಲಿಯೆಟ್‌ಳನ್ನು ಗೋರಿಯಲ್ಲಿ ಇಡುವುದನ್ನು ಕಣ್ಣಾರೆ ಕಂಡು, ಕುದುರೆ ಹತ್ತಿ ನೇರ ಮಾಂಟುವಾಕ್ಕೆ ಓಡಿದ. ರೋಮಿಯೋ ಅವನನ್ನು ಎರಡು ಸಲ ಕೇಳುತ್ತಾನೆ, ಪಾದ್ರಿಯಿಂದ ಪತ್ರ ಇಲ್ಲವಾ ಅಂತ. ಸಾವಿನ ಸುದ್ದಿ ಕೇಳುವ ಮುಂಚೆ ಒಮ್ಮೆ, ಕೇಳಿದ ಮೇಲೆ ಒಮ್ಮೆ. ನಿಷ್ಠೆಯ ಆಳು ತನಗೆ ಗೊತ್ತಿದ್ದಷ್ಟನ್ನೇ ಹೇಳಿದ: ಇಲ್ಲ ಒಡೆಯಾ.

ಇಷ್ಟೆಲ್ಲಕ್ಕಿಂತ ನನಗೆ ಕಷ್ಟವಾಗುವುದು ಗೋರಿಯೊಳಗಿನ ಆ ಕ್ಷಣ. ಜೂಲಿಯೆಟ್ ಎದ್ದಿದ್ದಾಳೆ. ಪಕ್ಕದಲ್ಲಿ ರೋಮಿಯೋ ಸತ್ತು ಬಿದ್ದಿದ್ದಾನೆ. ನಿನ್ನನ್ನು ಸನ್ಯಾಸಿನಿಯರ ಜೊತೆ ಸೇರಿಸುತ್ತೇನೆ ಬಾ ಅನ್ನುತ್ತಾನೆ ಲಾರೆನ್ಸ್. ಹೊರಗೆ ಕಾವಲಿನವರ ಸದ್ದಾಗುತ್ತದೆ. ಇನ್ನು ಇಲ್ಲಿರಲು ನನಗೆ ಧೈರ್ಯವಿಲ್ಲ ಅಂತ ಹೊರಟೇಬಿಡುತ್ತಾನೆ. ಅವಳ ಕೈಯಲ್ಲಿ ಚಾಕು ಕಂಡಿದ್ದವನು, ಸಾಯುತ್ತೇನೆ ಅಂದದ್ದನ್ನು ಕಿವಿಯಾರೆ ಕೇಳಿದ್ದವನು ಅವನು. ಅಂಥವಳನ್ನು ಹೆಣದ ಪಕ್ಕ ಒಬ್ಬಳನ್ನೇ ಬಿಟ್ಟು ಹೋದ. ಕೈ ಹಿಡಿದುಕೊಂಡು ಸುಮ್ನೆ ಕೂತಿದ್ದರೂ ಸಾಕಿತ್ತು. ಸಿಕ್ಕಿಬಿದ್ದ ಮೇಲೆ ಎಲ್ಲ ಒಪ್ಪಿಕೊಂಡು, ತಪ್ಪು ನನ್ನದಾದರೆ ನನ್ನ ಪ್ರಾಣ ತೆಗೆಯಿರಿ ಅನ್ನುತ್ತಾನೆ. ಆ ಧೈರ್ಯ ಸ್ವಲ್ಪ ಮುಂಚೆ ಬೇಕಿತ್ತು.

ವಿಷ ಮಾರಿದ ಮಾಂಟುವಾದ ಔಷಧಿ ಅಂಗಡಿಯವನನ್ನು ನಾನು ಲೆಕ್ಕಕ್ಕೇ ಇಡುವುದಿಲ್ಲ. ಒಪ್ಪುತ್ತಿರುವುದು ನನ್ನ ಬಡತನ, ನನ್ನ ಮನಸ್ಸಲ್ಲ ಅಂತ ಅವನೇ ಹೇಳಿ 40 ಡಕಾಟ್ ಚಿನ್ನದ ನಾಣ್ಯ ತೆಗೆದುಕೊಂಡ. ಬ್ರೂಕ್ ಪದ್ಯದಲ್ಲಿ ಅವನಿಗೆ ನೇಣಾಗುತ್ತದೆ, ದಾದಿಗೆ ಗಡಿಪಾರಾಗುತ್ತದೆ. ಶಿಕ್ಷೆ ಎಲ್ಲ ಬಡವರಿಗೇ. ಶೇಕ್ಸ್‌ಪಿಯರ್ ಅದನ್ನು ಬಿಟ್ಟ, ಕೆಲವರಿಗೆ ಕ್ಷಮೆ ಕೆಲವರಿಗೆ ಶಿಕ್ಷೆ ಅಂತ ದೊರೆಯ ಬಾಯಲ್ಲಿ ಹೇಳಿಸಿ ಹೆಸರು ಹೇಳದೆ ನಿಲ್ಲಿಸಿದ. ಅದು ಸರಿಯಾದ ಕೆಲಸ.

ಹಾಗಾದರೆ ಪ್ರೇಮಿಗಳ ತಪ್ಪೇನೂ ಇಲ್ವಾ? ರೋಮಿಯೋದು ಇದೆ. ಟಿಬಾಲ್ಟ್ ಜೊತೆ ಜಗಳ ಬೇಡ ಅಂತ ಮೊದಲು ತಗ್ಗಿದವನು ಅವನೇ, ಬಿಡಿಸಲು ನಡುವೆ ಹೋದವನೂ ಅವನೇ, ಅವನ ತೋಳಿನ ಕೆಳಗಿಂದಲೇ ಮರ್ಕ್ಯೂಷಿಯೋಗೆ ಕತ್ತಿ ತಗುಲಿತು. ಆಮೇಲೆ ಸಿಟ್ಟು ನೆತ್ತಿಗೇರಿ ಟಿಬಾಲ್ಟ್‌ನನ್ನು ಕೊಂದ. ಅದು ಅವನ ತಪ್ಪು, ಗಡಿಪಾರು ಅದರ ಫಲ. ಗೋರಿಯಲ್ಲಿ ಜೂಲಿಯೆಟ್ ಮುಖ ನೋಡಿ, ನಿನ್ನ ತುಟಿಯಲ್ಲಿ ಕೆನ್ನೆಯಲ್ಲಿ ಇನ್ನೂ ಕೆಂಪು ಇದೆಯಲ್ಲ ಅನ್ನುತ್ತಾನೆ. ಕಣ್ಣಿಗೆ ಬಿತ್ತು, ಯಾಕೆ ಅಂತ ಯೋಚಿಸಲಿಲ್ಲ. ಓದಿದಾಗಲೆಲ್ಲ, ಒಂದು ನಿಮಿಷ ನಿಲ್ಲಪ್ಪ ಅಂತ ಕೂಗಬೇಕು ಅನ್ನಿಸುತ್ತದೆ. ಆದರೆ ದುಃಖದಲ್ಲಿ ಮುಳುಗಿದ ಹುಡುಗ ಯೋಚಿಸಲಿಲ್ಲ ಅನ್ನುವುದನ್ನೂ, ಮನೆಯ ಯಜಮಾನ ಯೋಚಿಸಲಿಲ್ಲ ಅನ್ನುವುದನ್ನೂ ಒಂದೇ ತಕ್ಕಡಿಯಲ್ಲಿ ಇಡಲು ನಾನು ತಯಾರಿಲ್ಲ. ಜೂಲಿಯೆಟ್ ಪಾಲಂತೂ ಎಲ್ಲರಿಗಿಂತ ಕಡಿಮೆ. ಅವಳು ಅಪ್ಪನನ್ನು ಕೇಳಿದಳು, ಅಮ್ಮನನ್ನು ಕೇಳಿದಳು, ದಾದಿಯನ್ನು ಕೇಳಿದಳು, ಪಾದ್ರಿಯನ್ನು ಕೇಳಿದಳು. ಸಹಾಯ ಕೇಳದೆ ಸತ್ತವಳಲ್ಲ.

ನಿಮ್ಮ ಜೊತೆಯವರು ಮತ್ತೆ ಸೇರಿದಾಗ ಕೊನೆಯ ದೃಶ್ಯದ ಒಂದು ವಿಷಯ ಅವರ ಮುಂದಿಡಿ. ಎಲ್ಲರೆದುರು ನಡೆದದ್ದನ್ನು ವಿವರಿಸುವಾಗ ಲಾರೆನ್ಸ್ ನೇರವಾಗಿ ಹೇಳುತ್ತಾನೆ, ನೀವು ಅವಳನ್ನು ಬಲವಂತವಾಗಿ ಪ್ಯಾರಿಸ್‌ಗೆ ಕೊಡಲು ಹೊರಟಿರಿ ಅಂತ. ಕ್ಯಾಪ್ಯುಲೆಟ್ ಅಲ್ಲೇ ನಿಂತಿದ್ದಾನೆ. ಅವನು ಅದಕ್ಕೆ ಉತ್ತರವನ್ನೇ ಕೊಡುವುದಿಲ್ಲ. ದೊರೆ ದ್ವೇಷದ ಮಾತು ಎತ್ತಿದ ಮೇಲೆಯೇ ಅವನ ಬಾಯಿ ತೆರೆಯುತ್ತದೆ: ಅಣ್ಣಾ ಮಾಂಟೆಗ್ಯೂ, ಕೈ ಕೊಡು. ಮಾಂಟೆಗ್ಯೂ ಜೂಲಿಯೆಟ್‌ಗೆ ಚಿನ್ನದ ಪ್ರತಿಮೆ ಮಾಡಿಸುತ್ತೇನೆ ಅಂದರೆ, ಇವನು ರೋಮಿಯೋಗೂ ಅಷ್ಟೇ ಬೆಲೆಯದು ಮಾಡಿಸುತ್ತೇನೆ ಅನ್ನುತ್ತಾನೆ, ನಮ್ಮ ವೈರಕ್ಕೆ ಬಲಿಯಾದರು ಪಾಪ ಅನ್ನುತ್ತಾನೆ. ವೈರ ಅಂದರೆ ತಪ್ಪು ಎರಡು ಮನೆಗೂ ಹಂಚಿಹೋಗುತ್ತದೆ. ಗುರುವಾರದ ಮದುವೆ, ಅದನ್ನು ಬುಧವಾರಕ್ಕೆ ಎಳೆದದ್ದು, ಒಂದು ಮಾತು ಕೇಳು ಅಂತ ಮಂಡಿಯೂರಿದ ಮಗಳು, ಇವು ಯಾವುವೂ ಅವನ ಬಾಯಲ್ಲಿ ಬರುವುದಿಲ್ಲ. ದ್ವೇಷವೇ ಕಾರಣ ಅನ್ನುವ ನಿಮ್ಮ ಗೆಳೆಯರು ಹೇಳುತ್ತಿರುವುದು ಕ್ಯಾಪ್ಯುಲೆಟ್ ತಾನೇ ಕೊಟ್ಟುಕೊಂಡ ಕಾರಣವನ್ನು. ಅವನ ಮಾತನ್ನು ಹಾಗೇ ನಂಬುವ ಮುಂಚೆ ಮೂರನೇ ಅಂಕದ ಐದನೇ ದೃಶ್ಯವನ್ನು ಅವರಿಂದ ಇನ್ನೊಮ್ಮೆ ಓದಿಸಿ.